ಬಂಡೆಮ್ಮನ ರೈಟ್

ಬಾಗಲವಾಡದಿಂದ ಮಾನ್ವಿಗೆ ಹೋಗುವ ಬೆಳಗಿನ ಬಸ್ಸಿನ ಕಂಡಕ್ಟರ್ ಬಂಡೆಮ್ಮನಿಗೆ ಇಂಗ್ಲಿಷಿನ ಒಂದೇ ಒಂದು ಶಬ್ದ ಸಾಕು. ಅದರಲ್ಲೇ ಅವರು ಸಂಸಾರ, ಸರಕಾರ ಎರಡನ್ನೂ ನಡೆಸಬಲ್ಲರು. ಬಾಗಿಲಿಗೆ ಎರಡು ಏಟು ಬಡಿದು ‘ರೈಟ್!’ ಎಂದರೆ ಬಸ್ಸು ಹೊರಟಿತು. ಹೆಂಗಸರ ಆಧಾರ್ ಕಾರ್ಡು ನೋಡಿ ಹಿಂದಕ್ಕೆ ಕೊಡುವಾಗಲೂ ರೈಟ್, ಯಾರಾದರೂ ಸೊಸೆಯನ್ನು ದೂರತೊಡಗಿದರೆ ಇನ್ನು ಸಾಕು ಎಂಬಂತೆ ಒಂದು ಒಣ ರೈಟ್, ಬುತ್ತಿಯಲ್ಲಿ ಪುಂಡಿಪಲ್ಯ ಕಂಡರೆ ನಿಟ್ಟುಸಿರಿನಷ್ಟು ಉದ್ದದ ರೈಟ್. ದಾರಿಗೆ ಅಡ್ಡ ಮಲಗಿದ ಎಮ್ಮೆ ಹಾರನ್ನಿಗೆ ಕಿವಿ ಕೂಡ ಆಡಿಸುವುದಿಲ್ಲ, ಬಂಡೆಮ್ಮನ ರೈಟಿಗೆ ಎದ್ದು ಹೋಗುತ್ತದೆ. ಹಾಗಂತ ಆ ಶಬ್ದವನ್ನು ಅವಸರದಲ್ಲಿ ಖರ್ಚು ಮಾಡುವವರಲ್ಲ. ದೂರದ ಹೊಲದಲ್ಲಿ ಮುದುಕಿಯೊಬ್ಬಳು ಕೈಯೆತ್ತಿದರೂ ಸಾಕು, ಡ್ರೈವರ್ ರೇವಣಸಿದ್ದ ಎಷ್ಟೇ ಗೊಣಗಲಿ, ‘ತಡಿಯಪಾ, ಯವ್ವ ಬರಾಕತ್ತಾಳ’ ಎಂದು ಬಸ್ಸು ನಿಲ್ಲಿಸಿಕೊಳ್ಳುತ್ತಾರೆ. ಓಡಿ ಬರುವವರನ್ನು ಅವರು ಬಿಟ್ಟು ಹೋದದ್ದನ್ನು ನಾನು ನೋಡಿದ್ದು ಒಂದೇ ಸಲ. ಅವತ್ತು ತುಟಿ ಒಡೆದಿದ್ದ ಹುಡುಗಿಯೊಬ್ಬಳು ಕೂಸನ್ನು ಎದೆಗೆ ಅವುಚಿಕೊಂಡು ಹತ್ತಿ, ಕಿಟಕಿಗೆ ಕಾಣದಂತೆ ಬಾಗಿ ಕುಳಿತಳು. ಹಿಂದೆಯೇ ಬೆಲ್ಟನ್ನು ಮುಂಗೈಗೆ ಸುತ್ತಿಕೊಂಡು ಗಂಡ ಓಡಿಬಂದ. ‘ಗಾಡಿ ನಿಲ್ಲಸ್ರೀ! ನನ್ನ ಹೇಣ್ತಿ ಅದಾಳ ಒಳಗ!’ ಕೂಗು ಕೇಳಿದ್ದೇ ರೇವಣಸಿದ್ದ ರೂಢಿಯಂತೆ ಬ್ರೇಕು ಒತ್ತಿ, ಕನ್ನಡಿಯಲ್ಲಿ ಬಂಡೆಮ್ಮನ ಮುಖ ನೋಡಿದ. ಬಂಡೆಮ್ಮ ಒಮ್ಮೆ ಆ ಹುಡುಗಿಯ ತುಟಿ ನೋಡಿದರು, ಒಮ್ಮೆ ಬೆಲ್ಟು ನೋಡಿದರು. ಆಮೇಲೆ ಬಾಗಿಲು ಎಳೆದು ಚಿಲಕ ಹಾಕಿ, ಅದರ ಮೇಲೆ ಎರಡು ಏಟು ಬಡಿದು, ಇಡೀ ಊರಿಗೆ ಕೇಳುವಂತೆ ಹೇಳಿದರು: ‘ರೈಟ್!’