ಒಂದು ಹರಿಗೋಲಿಗಾಗಿ ಮೂರು ಊರು

ಬೆಳಿಗ್ಗೆ ಆರೂಕಾಲಿಗೆ ನಾಗಮಂಗಲದಲ್ಲಿ ಪಾಂಡವಪುರದ ಬಸ್ಸು ಹತ್ತಿದೆವು. ಸಂಕ್ರಾಂತಿ ಕಳೆದು ವಾರವಾಗಿದ್ದರೂ ಚಳಿ ಇನ್ನೂ ಬಿಟ್ಟಿರಲಿಲ್ಲ. ನಮ್ಮೆಜಮಾನರು ಇಪ್ಪತ್ತೆರಡು ವರ್ಷ ಇದೇ ರಸ್ತೆಯಲ್ಲಿ ಬಸ್ಸು ಓಡಿಸಿದವರು. ಅವತ್ತು ಎಲ್ಲರ ಹಾಗೆ ಹತ್ತಿ, ನಡುವಿನ ಸೀಟಿನಲ್ಲಿ ಕಿಟಕಿ ಪಕ್ಕ ಕೂತರು. ಟಿಕೆಟ್ಟು ತಲಾ ಒಂಬತ್ತು ರೂಪಾಯಿ. ಕಂಡಕ್ಟರು ಗುರುತು ಹಿಡಿದು, "ನಿಮ್ಗೇನ್ ಟಿಕೆಟ್ಟು, ಬುಡಣ್ಣ" ಎಂದ. "ಕೊಡಪ್ಪ, ನಾನೀಗ ಪ್ಯಾಸೆಂಜರ್ರು" ಎಂದು ಇವರು ದುಡ್ಡು ಚಾಚಿದರು.

ಎಂಟು ತಿಂಗಳ ಹಿಂದೆ ಇವರ ಎಡಗಣ್ಣಿನ ದೃಷ್ಟಿ ಹೋಯಿತು. ಇನ್ನು ಸ್ಟೀರಿಂಗು ಮುಟ್ಟಬಾರದು ಅಂದರು ಡಾಕ್ಟರು. ಡಿಪೋದಲ್ಲಿ ಕೂತು ಬರೆಯುವ ಕೆಲಸ ಕೊಟ್ಟರೆ, ಒಲ್ಲೆ ಅಂದುಬಿಟ್ಟರು. ಅವತ್ತು ಜಗಲಿಯ ಮೇಲೆ ಕೂತವರು ಕೂತೇ ಇದ್ದರು. ಕರೆದರೆ ಊಟಕ್ಕೆ ಬಂದರು, ಇಲ್ಲದಿದ್ದರೆ ಅದೂ ಇಲ್ಲ. ನಾನು ಪ್ರೈಮರಿ ಸ್ಕೂಲಿನ ಟೀಚರು. ದಿನವೆಲ್ಲ ಮಕ್ಕಳ ಗಲಾಟೆಯಲ್ಲಿ ಒದ್ದಾಡಿ ಮನೆಗೆ ಬಂದರೆ ಅಲ್ಲಿ ಸದ್ದೇ ಇಲ್ಲ. ಹೀಗಿರುವಾಗ ಹಬ್ಬದ ದಿನ ಎಳ್ಳುಬೆಲ್ಲ ಬಾಯಿಗೆ ಹಾಕಿಕೊಂಡು, "ನಂಗೊಂದು ಅರಿಗೋಲು ಬೇಕು ಕಣೆ. ಅಕ್ಕನೂರಲ್ಲಿ ಇಟ್ಕಂಡು ಮೀನು ಹಿಡೀತೀನಿ" ಅಂದರು. ಇವರಕ್ಕನನ್ನು ಕೊಟ್ಟಿರುವುದು ಕನ್ನಂಬಾಡಿ ಕಟ್ಟೆಯ ಹಿನ್ನೀರಿನ ದಡದ ಊರಿಗೆ.

ಮೊದಲು ನಕ್ಕೆ, ಆಮೇಲೆ ಹೆದರಿದೆ. ಇವರಾದರೂ ಚಿಕ್ಕಂದಿನಲ್ಲಿ ಸೊಂಟಕ್ಕೆ ಸೋರೆಬುರುಡೆ ಕಟ್ಟಿಕೊಂಡು ಬಾವಿಯಲ್ಲಿ ಈಜು ಕಲಿತವರು. ನನಗೋ ನೀರು ಕಂಡರೆ ಜೀವ ಬಾಯಿಗೆ ಬರುತ್ತದೆ. ಒಂದೇ ಕಣ್ಣಿನವರನ್ನು ಸಮುದ್ರದಂಥ ಆ ಹಿನ್ನೀರಿಗೆ ಕಳಿಸುವುದುಂಟೇ? ಆದರೆ ಎಂಟು ತಿಂಗಳಲ್ಲಿ ಅವರು ಬಾಯಿಬಿಟ್ಟು ಕೇಳಿದ್ದು ಅದೊಂದೇ. ಕಡೆಗೆ ಒಂದು ಒಪ್ಪಂದವಾಯಿತು. ಒಂದು ದಿನ ಇಬ್ಬರೂ ಹೋಗಿ ನೋಡುವುದು. ಇಬ್ಬರಿಗೂ ಒಪ್ಪಿಗೆಯಾದರೆ ತರುವುದು. ಇಲ್ಲದಿದ್ದರೆ ಆ ಮಾತು ಮತ್ತೆ ಎತ್ತುವಂತಿಲ್ಲ. ಸುಳ್ಳೇಕೆ ಹೇಳಲಿ, ನಾನು ಸಿ.ಎಲ್. ಹಾಕಿ ಹೊರಟದ್ದು ಕೊಂಕು ತೆಗೆಯುವುದಕ್ಕೇ.

ಜಕ್ಕನಹಳ್ಳಿ ದಾಟುವವರೆಗೂ ತಿರುವು ಬಂದಾಗಲೆಲ್ಲ ಇವರ ಬಲಗಾಲು ಬರೀ ನೆಲವನ್ನೇ ಬ್ರೇಕೆಂದು ಒತ್ತುತ್ತಿತ್ತು. ನಾನು ಕಂಡೂ ಕಾಣದ ಹಾಗೆ ಕಬ್ಬಿನ ಗಾಡಿಗಳನ್ನು ನೋಡುತ್ತ ಕೂತೆ.

ಪಾಂಡವಪುರದಲ್ಲಿ ಇಳಿದಾಗ ಎಂಟು ಗಂಟೆ. ಬಸ್ ಸ್ಟ್ಯಾಂಡಿನ ಹತ್ತಿರ ಬಿಸಿ ಇಡ್ಲಿ ತಿಂದು, ಇವರ ಹಳೆಯ ಸ್ನೇಹಿತ, ಪಂಕ್ಚರ್ ಅಂಗಡಿಯ ಬಾಷಾ ಸಾಬರ ಹತ್ತಿರ ಹೋದೆವು. "ಅರೆ, ಡ್ರೈವರ್ ಸಾಬ್! ಕಣ್ಣಿನ್ ವಿಷ್ಯ ಕೇಳ್ದೆ. ಅಲ್ಲಾ ದೊಡ್ಡವ್ನು, ಬುಡಿ. ಕೂತ್ಕೊಳಿ ಭಾಭಿ" ಎಂದು ಸ್ಟೂಲು ಒರೆಸಿ ಕೊಟ್ಟರು. ಬಂದ ಕೆಲಸ ಹೇಳಿದ್ದೇ ತಡ, ಒಳಗಿಂದ ಒಂದು ಲಾರಿ ಟ್ಯೂಬು ಎಳೆದು ತಂದರು. "ಅರಿಗೋಲು ಯಾಕಣ್ಣ? ಇದ್ಕೆ ಗಾಳಿ ತುಂಬಿ ಮ್ಯಾಲೊಂದು ಹಲಗೆ ಕಟ್ಟಿದ್ರೆ ಆಯ್ತು. ಕೆರೇಲಿ ಮೀನು ಹಿಡಿಯೋರು ಸುಮಾರ್ ಜನ ಇದ್ರಲ್ಲೇ ಓಗ್ತಾವ್ರೆ."

ಇವರು ಟ್ಯೂಬನ್ನು ಮಡಿಲಲ್ಲಿಟ್ಟುಕೊಂಡು ಸುತ್ತಲೂ ಬೆರಳಾಡಿಸಿದರು. ಹಳೆಯ ಪ್ಯಾಚೊಂದು ಸಿಕ್ಕಿತು. "ಬಾಷಾ, ರಸ್ತೇಲಿ ಪಂಕ್ಚರ್ ಆದ್ರೆ ನಿನ್ನ ಕರೀತಿದ್ದೆ. ನೀರಿನ್ ನಡುವೆ ಯಾರ್ನ ಕರೀಲಪ್ಪ?" ಎಂದರು. ಸಾಬರು ಹೊಟ್ಟೆ ಹಿಡಿದುಕೊಂಡು ನಕ್ಕು ಚಹಾ ತರಿಸಿದರು. ಒಂದು ಕಳೆಯಿತು ಎಂದು ನಾನು ಒಳಗೊಳಗೇ ಸಮಾಧಾನಪಟ್ಟೆ.

ಹತ್ತೂವರೆಗೆ ಶ್ರೀರಂಗಪಟ್ಟಣ. ಅಲ್ಲಿಂದ ಗಂಜಾಂಗೆ ಜಟಕಾ. ಬಿಸಿಲು ಏರಿತ್ತು. ನಿಮಿಷಾಂಬೆಗೆ ಕೈಮುಗಿದು, ಇವರಿಗೆ ಒಳ್ಳೇ ಬುದ್ಧಿ ಕೊಡು ತಾಯಿ ಎಂದು ಬೇಡಿಕೊಂಡೆ. ಹಾಗೆ ಬೇಡುವಾಗ ಒಳ್ಳೇ ಬುದ್ಧಿ ಎಂದರೆ ಯಾವುದು ಎಂದು ನನಗೇ ಗೊಂದಲವಾಯಿತು. ಹೊಳೆಯ ದಡದಲ್ಲಿ ಮೀನುಗಾರನೊಬ್ಬ ತನ್ನ ಹರಿಗೋಲು ಮಾರುತ್ತಾನೆಂದು ಕೇಳಿ ಹೋದೆವು. ಕಣದಷ್ಟು ಅಗಲ, ದಪ್ಪ ಬಿದಿರು. ಇವರು ಅದರ ಸುತ್ತ ಮೂರು ಸುತ್ತು ಬಂದು, ದನದ ಜಾತ್ರೆಯಲ್ಲಿ ಹೋರಿಯ ಬೆನ್ನು ತಟ್ಟುವಂತೆ ತಟ್ಟಿ, "ಭಾರಿ ಗಟ್ಟಿ ಅದೆ ಕಣೆ" ಎಂದರು. ದೊಡ್ಡದು ಬೇಗ ಮುಳುಗಲಾರದು ಎಂದು ನನಗೂ ಅನ್ನಿಸಿತು.

"ಎತ್ತಿ ನೋಡಣ್ಣ" ಎಂದ ಆತ. ಇವರು ಎತ್ತಿದರು, ಆಗಲಿಲ್ಲ. ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿ ಕೈಹಾಕಿದೆ. ಇಬ್ಬರೂ ಸೇರಿ ಎತ್ತಿದರೂ ಅದು ಮೊಣಕಾಲಿನವರೆಗೂ ಬರಲಿಲ್ಲ.

"ಒಬ್ನೇ ಬೆನ್ನಿನ್ ಮ್ಯಾಲೆ ಹೊತ್ಕಂಡ್ ಓಗಂಗಿರ್ಬೇಕು ಅರಿಗೋಲು. ಇದು ಜನ ದಾಟ್ಸೋದು. ಒಸಬ್ರಿಗೆ ಇದೂ ಬ್ಯಾಡ, ಈ ಒಳೇನೂ ಬ್ಯಾಡ. ಸೆಳ್ತ ಅದೆ, ಬಂಡೆ ಅದೆ. ಹೇಮಗಿರಿಗೋಗಿ ಅರಿಗೋಲು ಕಟ್ಟೋ ಜವರಯ್ಯಜ್ಜನ್ ಕೇಳಿ. ಅಲ್ಲಿ ಕಟ್ಟೆ ಹಿಂದೆ ನಿಂತ ನೀರದೆ, ಹತ್ತಿ ನೋಡಾಕೆ ಸರಿ" ಎಂದ. ಮನೆ ಬಾಗಿಲಿಗೆ ಬಂದ ಗಿರಾಕಿಯನ್ನು ಹೀಗೆ ಬೇರೆಯವರ ಹತ್ತಿರ ಕಳಿಸುವವನನ್ನು ನಾನು ಅವತ್ತೇ ಕಂಡದ್ದು. ಎಂಥ ಒಳ್ಳೆಯವನು! ನನ್ನ ಲೆಕ್ಕದಲ್ಲಿ ಮಾತ್ರ ಎರಡೂ ಕಳೆದಿದ್ದವು. ಇನ್ನೊಂದು ಕಳೆದರೆ ನೆಮ್ಮದಿಯಾಗಿ ಮನೆಗೆ.

ಪಟ್ಟಣದ ಮೆಸ್ಸೊಂದರಲ್ಲಿ ಮುದ್ದೆ, ಮೀನುಸಾರು. ಇವರು ಎರಡನೆಯ ಮುದ್ದೆ ಹಾಕಿಸಿಕೊಂಡರು. ಜಗಲಿ ಹಿಡಿದ ಮೇಲೆ ಹೀಗೆ ಕೇಳಿ ಹಾಕಿಸಿಕೊಂಡದ್ದು ಅದೇ ಮೊದಲು. ನಾನು ನನ್ನ ತಟ್ಟೆಯನ್ನೇ ನೋಡುತ್ತ ಉಂಡೆ.

ಕೆ.ಆರ್. ಪೇಟೆಯ ಬಸ್ಸಿನಲ್ಲಿ ಅರ್ಧ ದಾರಿ ನಿಂತೇ ಹೋದೆವು. ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು ಹೇಮಗಿರಿ ಮುಟ್ಟಿದಾಗ ನಾಲ್ಕು ಗಂಟೆ. ಕಟ್ಟೆಯ ಹಿಂದೆ ಹೇಮಾವತಿ ಸದ್ದಿಲ್ಲದೆ ನಿಂತಿತ್ತು. ಜವರಯ್ಯಜ್ಜನಿಗೆ ಎಪ್ಪತ್ತು ದಾಟಿರಬಹುದು. ಹುಣಸೆಮರದ ಕೆಳಗೆ ಬಿದಿರು ಸೀಳುತ್ತಿದ್ದರು. ಪಕ್ಕದಲ್ಲಿ ಹೊಸದೊಂದು ಹರಿಗೋಲು. ಬಿದಿರಿನ ಹೆಣಿಗೆ, ಅದರ ಮೇಲೆ ಗೊಬ್ಬರದ ಪ್ಲಾಸ್ಟಿಕ್ ಚೀಲ ಹೊಲಿದು ತಾರು ಬಳಿದದ್ದು. ಇವರು ಗಂಭೀರವಾಗಿ, "ಅಜ್ಜ, ಇದ್ರಲ್ಲಿ ಮುಂದ್ಗಡೆ ಯಾವುದು?" ಎಂದು ಕೇಳಿದರು.

ಅಜ್ಜ ಕತ್ತಿ ಕೆಳಗಿಟ್ಟು ಇವರನ್ನು ಮೇಲಿಂದ ಕೆಳಗೆ ನೋಡಿದರು. "ದುಂಡಗಿರೋದಕ್ಕೆ ಎಂಥ ಮುಂದ್ಗಡೆ ಕಣ್ಲಾ? ನೀನೆತ್ತಗೆ ಮುಖ ಮಾಡ್ತೀಯೋ ಅದೇ ಮುಂದು." ಇವರು ಅದನ್ನು ಎತ್ತಿದರು. ಬೆನ್ನಿಗೇರಿತು. ಹೊತ್ತುಕೊಂಡು ಮರದ ಸುತ್ತ ಒಂದು ಸುತ್ತು ಬಂದು, ಬೋರಲಾಗಿ ಇಳಿಸಿ ನನ್ನ ಮುಖ ನೋಡಿದರು.

"ಈಗ ಒಳಗೋಗಿ ನೋಡ್ಬೇಕು. ಬಿಸ್ಲಿಗೆ ಬೋರಲಾಕಿ, ಅಡೀಲಿ ಕೂತ್ರೆ ತೂತಿದ್ರೆ ಬೆಳಕು ಕಾಣ್ತದೆ. ನಾ ಮಾಡಿದ್ನ ನಾನೇ ನೋಡ್ಬಾರ್ದು. ತಗೊಳೋರೇ ನೋಡ್ಬೇಕು" ಎಂದರು ಅಜ್ಜ. ಇವರು ಬಸ್ಸು ಓಡಿಸುತ್ತಿದ್ದದ್ದು, ಕಣ್ಣು ಹೋದದ್ದು ಹೇಳಿದೆ. "ಅಂಗಾರೆ ನೀನೇ ನೋಡವ್ವ" ಎಂದರು.

ನಾನು ಮಂಡಿಯೂರಿ ಹರಿಗೋಲಿನ ಅಡಿಗೆ ಹೋದೆ. ಕತ್ತಲು, ತಾರಿನ ವಾಸನೆ, ಸೆಕೆ. ಕಣ್ಣು ಒಗ್ಗಿದ ಮೇಲೆ ಒಂದೊಂದೇ ಹೆಣಿಗೆ ನೋಡುತ್ತ ಬಂದೆ. ಅಂಚಿನಿಂದ ಎರಡು ಗೇಣು ಒಳಗೆ, ಸಾಸಿವೆಕಾಳಿನಷ್ಟು ಬೆಳಕು ಕಂಡಿತು. ಬೆಳಗಿನಿಂದ ನಾನು ಹುಡುಕುತ್ತಿದ್ದ ಕೊಂಕು ಅದೇ. ಹೊರಗೆ ಬಂದು, ತೂತು ಬಿದ್ದಿದೆ, ಬೇಡ ಅಂದರೆ ಸಾಕಿತ್ತು. ಒಪ್ಪಂದದ ಪ್ರಕಾರ ಇವರು ತುಟಿಪಿಟಕ್ಕೆನ್ನದೆ ಬಸ್ಸು ಹತ್ತಿ, ನಾಳೆ ಬೆಳಿಗ್ಗೆ ಮತ್ತೆ ಜಗಲಿಯ ಮೇಲೆ ಕೂರುತ್ತಿದ್ದರು.

"ಏನಾರ ಕಾಣುಸ್ತದೇನೆ?" ಎಂದು ಇವರು ಹೊರಗಿಂದ ಕೇಳಿದರು. ಆ ದನಿಯಲ್ಲಿ ಎಷ್ಟು ಆಸೆ, ಎಷ್ಟು ಅಳುಕು! ಮದುವೆಯಾಗಿ ಇಷ್ಟು ವರ್ಷಕ್ಕೆ ಅವರು ನನ್ನನ್ನು ಹಾಗೆ ಕೇಳಿದ್ದೇ ಇಲ್ಲ. ನನಗೆ ಅಳು ಬಂತು. ಕತ್ತಲಲ್ಲೇ ಕಣ್ಣೊರೆಸಿಕೊಂಡೆ.

ತೂತಿನ ಮೇಲೆ ಬೆರಳಿಟ್ಟುಕೊಂಡೇ, "ಒಂದೇ ಒಂದದೆ ಕಣ್ರೀ. ಅಜ್ಜನ್ನ ಕರೀರಿ, ಇಲ್ಲಿ ತಾರು ಹಚ್ಲಿ" ಎಂದು ಕೂಗಿದೆ.

ಅಜ್ಜ ತಾರು ಕಾಯಿಸಿ ಹಚ್ಚಿದರು. ಆರಿದ ಮೇಲೆ ಮತ್ತೆ ಒಳಗೆ ಹೋಗಿ ನೋಡಿದೆ, ಬೆಳಕಿನ ಸುಳಿವಿರಲಿಲ್ಲ. ಹರಿಗೋಲನ್ನು ದಡದಂಚಿಗೆ, ಮೊಣಕಾಲುದ್ದ ನೀರಿಗೆ ಬಿಟ್ಟರು. ಇವರು ಹುಟ್ಟು ಹಿಡಿದು ಹತ್ತಿದವರೇ, ಇಪ್ಪತ್ತೆರಡು ವರ್ಷದ ರೂಢಿ ನೋಡಿ, ಡ್ರೈವರ್ ಸೀಟೆನ್ನುವ ಹಾಗೆ ಸೀದಾ ಹೋಗಿ ಬಲಗಡೆ ಅಂಚಿಗೆ ಕೂತರು. ಎಡಗಡೆ ಎದ್ದಿತು. ಅಯ್ಯಯ್ಯೋ ಎಂದು ನಾನು ಕಿರುಚುವಷ್ಟರಲ್ಲಿ ಇವರು ಧಡಕ್ಕನೆ ನೀರಿಗೆ. ಎದ್ದು ನಿಂತವರ ತಲೆಯಿಂದ ನೀರು ಸುರಿಯುತ್ತಿತ್ತು. ನಾನು ಬಯ್ಯಬೇಕೆಂದು ಬಾಯಿ ತೆರೆದೆ. ನೋಡಿದರೆ ಅವರು ನಗುತ್ತಿದ್ದರು, ಜೋರಾಗಿ, ಮೊದಲಿನ ಹಾಗೆ.

"ಇದೇನು ಬಸ್ಸಾ?" ಎಂದು ಅಜ್ಜನೂ ನಕ್ಕರು. "ಒಬ್ನೇ ಒಂದು ಕಡೆ ಕೂತ್ರೆ ಮಗುಚ್ತದೆ ಕಣ್ಲಾ. ಕೈ ಕುದುರೋವರ್ಗೂ ಎದುರಿಗೆ ಸಮವಾಗಿ ಕಲ್ಲಿಟ್ಕಬೇಕು." ದಡದಿಂದ ದೊಡ್ಡ ಕಲ್ಲೊಂದನ್ನು ಎರಡು ಕೈಯಲ್ಲಿ ಅವುಚಿಕೊಂಡು ತಂದರು.

ಇವರು ಕಲ್ಲು ನೋಡಿದರು. ನನ್ನನ್ನು ನೋಡಿದರು. "ಕಲ್ಲು ಯಾಕಜ್ಜ? ಇವ್ಳಿಲ್ವಾ" ಎಂದರು.

ಅಜ್ಜ ಕಲ್ಲು ಹಿಡಿದುಕೊಂಡೇ ನಿಂತರು. ನಾನು ಚಪ್ಪಲಿ ಬಿಟ್ಟೆ, ನೆರಿಗೆ ಎತ್ತಿ ಸಿಕ್ಕಿಸಿದೆ.

"ಭಾನುವಾರ ಮಾತ್ರ ನಾ ಬರೋದು. ಸ್ಕೂಲಿರೋ ದಿನ ಆ ಕಲ್ಲನ್ನೇ ಕೂರುಸ್ಕಳಿ" ಎಂದು ನೀರಿಗಿಳಿದೆ.