ಪೂಜೆಗಿಟ್ಟ ಸ್ಪ್ಯಾನರ್

ಬಿಳಿಗೆರೆಯಲ್ಲಿ ನಮ್ಮ ಪಕ್ಕದ ಮನೆಯ ಸುನಂದಕ್ಕ ದಿನಾ ಬೆಳಿಗ್ಗೆ ಅಂಗಳ ಗುಡಿಸಿದ ಮೇಲೆ ಗಂಡ ದಯಾನಂದಣ್ಣನ ಬೈಕಿನ ಹಿಂದಿನ ಚಕ್ರದ ಪಕ್ಕ ಕೂರುತ್ತಿದ್ದಳು. ಚೈನು ಸುತ್ತುವ ಹಲ್ಲುಚಕ್ರವನ್ನು ಹಿಡಿದಿರುವ ನಟ್ಟುಗಳಿಗೆ ಒಂದೊಂದಾಗಿ ಸ್ಪ್ಯಾನರ್ ಹಾಕಿ ನೋಡಿ ಬಿಗಿ ಮಾಡುತ್ತಿದ್ದಳು. ದಯಾನಂದಣ್ಣ ತಾನೇ ಮರ ಹತ್ತಿ ಇಳಿಸಿದ ಎಳನೀರನ್ನು ಬೈಕಿನ ಎರಡೂ ಕಡೆ ನೇತುಹಾಕಿಕೊಂಡು ತಿಪಟೂರಿಗೆ ಒಯ್ದು ಮಾರುತ್ತಿದ್ದ. ಆ ಭಾರಕ್ಕೆ, ದಾರಿಯ ಕುಲುಕಾಟಕ್ಕೆ ನಟ್ಟುಗಳು ಸಡಿಲವಾಗುತ್ತಿದ್ದವು.

ಈ ಸಲ ಆಯುಧಪೂಜೆಗೆ ಮಚ್ಚು, ಕುಡುಗೋಲಿನ ಜೊತೆ ಸ್ಪ್ಯಾನರನ್ನೂ ತೊಳೆದು ದೇವರ ಮುಂದೆ ಇಟ್ಟರು. ಹಾಗೆ ಇಟ್ಟಿದ್ದನ್ನು ಮಾರನೆಯ ದಿನದವರೆಗೆ ಯಾರೂ ಮುಟ್ಟುವುದಿಲ್ಲ. ಬೈಕಿಗೆ ಹಾರ ಹಾಕುವಾಗ ಸುನಂದಕ್ಕ ನಟ್ಟುಗಳನ್ನು ಬೆರಳಿನಲ್ಲೇ ನೋಡಿದಳು. ಎರಡು ತಿರುಗಿದವು.

"ಅತ್ತೆ, ನಟ್ಟು ಸಡ್ಲಾಗವೆ, ಒಂದ್ಗಳಿಗೆ ಸ್ಪ್ಯಾನರ್ ತಗೋತೀನಿ."

"ಮುಟ್ಬ್ಯಾಡ ಕಣೇ! ದೇವ್ರ ಮುಂದಿಟ್ಟಿರೋದನ್ನ ಎತ್ತೀಯಾ?" ಎಂದರು ಅತ್ತೆ ಚೌಡಮ್ಮ.

ಅವಳು ಗಂಡನ ಕಡೆ ತಿರುಗಿದಳು. "ಹಂಗಾದ್ರೆ ಇವತ್ತು ಬೈಕ್ ತಗೀಬ್ಯಾಡಿ ಕಣ್ರೀ, ಬಿದ್ಬುಡ್ತೀರ."

ದಯಾನಂದಣ್ಣ ನಕ್ಕ. "ಚಕ್ರಕ್ಕೆ ನಿಂಬೆಹಣ್ಣು ತುಳ್ಸಿದ್ದಾಯ್ತಲ್ಲ, ಬುಡು ಮೆಕ್ಯಾನಿಕಮ್ಮ" ಎಂದು ಎಳನೀರು ಹೇರಿಕೊಂಡು ಹೊರಟ.

ಕೆರೆ ಏರಿಯ ಮೇಲೆ ಚೈನು ಕಳಚಿ ಹಿಂದಿನ ಚಕ್ರಕ್ಕೆ ಸಿಕ್ಕಿಕೊಂಡಿತು. ಬಿದ್ದ ರಭಸಕ್ಕೆ ಅವನ ಮಂಡಿಚಿಪ್ಪು ಒಡೆಯಿತು. ಇನ್ನು ಮರ ಹತ್ತುವ ಹಾಗಿಲ್ಲ ಎಂದರು ಡಾಕ್ಟರು.

ನೋಡಲು ಬಂದವರಿಗೆಲ್ಲ ಚೌಡಮ್ಮ ಹೇಳುವುದು ಒಂದೇ ಮಾತು. "ಹೊರಡೋ ಹೊತ್ನಲ್ಲಿ ಬೀಳ್ತೀರ ಅಂದ್ಲು. ಅವಳ ಬಾಯಿಂದ್ಲೇ ಹಿಂಗಾಯ್ತು."

ದಯಾನಂದಣ್ಣ ಹಾಸಿಗೆಯಲ್ಲಿ ಗೋಡೆಯ ಕಡೆ ಮುಖ ಮಾಡಿ ಮಲಗಿರುತ್ತಾನೆ. ನಟ್ಟು ಸಡಿಲವಾಗಿತ್ತು ಎಂದು ಅವನೂ ಹೇಳುವುದಿಲ್ಲ. ಸುನಂದಕ್ಕ ಬಂದವರಿಗೆ ಕಾಫಿ ಕೊಟ್ಟು, ಯಾರ ಮುಖವನ್ನೂ ನೋಡದೆ ಒಳಗೆ ಹೋಗುತ್ತಾಳೆ.