ಸಾಹುಕಾರರ ತಲೆ ಹಿಡಿದ ಕೆಂಚಯ್ಯ

ಹಳೇಕೋಟೆಯ ಕೆಂಚಯ್ಯ ಹಾಸನದ ಹೊರಗಿನ ಗಾಲ್ಫ್ ಮೈದಾನದಲ್ಲಿ ದಿನಗೂಲಿಗೆ ಆಟಗಾರರ ಚೀಲ ಹೊರುತ್ತಿದ್ದ. ಮುಟ್ಟಿಸಿಕೊಳ್ಳದ ಕೇರಿಯವನು. ಚೀಲ ಹೊರಬಹುದು, ಚೀಲದ ಯಜಮಾನರನ್ನು ಸೋಕಬಾರದು. ಅಸ್ಪೃಶ್ಯತೆ ಅಪರಾಧವೆಂದು ಸರ್ಕಾರ ಹಿಂದಿನ ವರ್ಷ, ಐವತ್ತೈದರಲ್ಲೇ ಕಾಯಿದೆ ಮಾಡಿತ್ತು. ಆ ಕ್ಲಬ್ಬಿನ ಮಹನೀಯರು ಅದನ್ನು ಪತ್ರಿಕೆಯಲ್ಲಿ ಓದಿ ಮಡಚಿಟ್ಟಿದ್ದರು.

ಚನ್ನರಾಯಪಟ್ಟಣದ ಕೊಬ್ಬರಿ ವ್ಯಾಪಾರಿ ಚನ್ನಬಸವಯ್ಯನವರು ಹೊಸ ಸದಸ್ಯರು. ಕಾಫಿ ತೋಟದವರ ಸರಿಸಮ ನಿಲ್ಲಬೇಕೆಂಬ ಹುಚ್ಚು. ಕೋಲು ಬೀಸಿದರೆ ಚೆಂಡು ಕಾಲಬುಡದಲ್ಲೇ ಹೊರಳುವುದು, ಇಲ್ಲವೇ ನೀಲಗಿರಿ ತೋಪಿಗೆ ನುಗ್ಗುವುದು. ವರಾಂಡದಲ್ಲಿ ಕೂತವರು ಕಿಸಕ್ಕೆಂದರೆ ಸಿಟ್ಟೆಲ್ಲ ಕೆಂಚಯ್ಯನ ಮೇಲೆ.

"ಏನ್ಲಾ ನೋಡ್ತೀಯ? ಏನು ತಪ್ಪು, ಹೇಳ್ಲಾ!"

ಇಪ್ಪತ್ತು ವರ್ಷ ಸೌದೆ ಒಡೆದವನಿಗೆ ತಪ್ಪು ಮೊದಲ ದಿನವೇ ಕಂಡಿತ್ತು.

"ಒಡೆಯಕ್ ಮುಂಚೇನೇ ತಲೆ ಎತ್ಬುಡ್ತೀರ ಸಾ. ಏಟು ಬೀಳೋಗಂಟ ಕಣ್ಣು ಚೆಂಡಿನ ಮ್ಯಾಲೇ ಇರ್ಬೇಕು."

"ಹಂಗಾದ್ರೆ ನೆಟ್ಟಗೆ ಹೊಡೆಯೋ ಹಂಗೆ ಮಾಡು. ಈ ಸಲದ ಕ್ಲಬ್ ಪಂದ್ಯ ಗೆದ್ರೆ ಖಾಯಂ ಮಾಲಿ ಕೆಲ್ಸ ಕೊಡಿಸ್ತೀನಿ. ಕ್ಲಬ್ಬಿನ ಹಿಂದಿನ ಮಾಲಿ ಕೋಣೇನೂ ನಿಂದೇ."

ಯಾರದೋ ದನದ ಕೊಟ್ಟಿಗೆಯ ಮೂಲೆಯಲ್ಲಿ ಸಂಸಾರ ಮಾಡುತ್ತಿದ್ದ ಅವನ ಹೆಂಡತಿ ಹೊನ್ನಕ್ಕ ಮರುದಿನವೇ ಆ ಕೋಣೆಯ ಕಿಟಕಿಯಲ್ಲಿ ಇಣುಕಿ, ಒಲೆ ಎಲ್ಲಿ ಹೂಡಬೇಕೆಂದು ನೋಡಿಕೊಂಡು ಬಂದಳು.

ಅಭ್ಯಾಸದ ಹೊತ್ತಿಗೆ ಕೆಂಚಯ್ಯ ಎದುರಿಗೆ ದೂರ ನಿಂತು, ತಲೆ ಏಳದಂತೆ ಉದ್ದನೆಯ ಬಿದಿರುಕೋಲಿನ ತುದಿಯನ್ನು ಸಾಹುಕಾರರ ಟೋಪಿಗೆ ಒತ್ತಿ ಹಿಡಿಯುತ್ತಿದ್ದ. ಕೋಲು ಅಲುಗಾಡುವುದು, ತಲೆ ಜಾರಿ ಮೇಲೇಳುವುದು. ಎಂಟನೆಯ ದಿನ ಮುಂಜಾನೆ, ಮೈದಾನದಲ್ಲಿ ನರಪಿಳ್ಳೆ ಇಲ್ಲದಾಗ, ಸಾಹುಕಾರರು ರೇಗಿದರು. "ಬಿಸಾಕು ಅದನ್ನ. ಕೈಲೇ ಹಿಡಿ. ಯಾರಿಗಾದ್ರೂ ಹೇಳಿದ್ಯೋ, ಚರ್ಮ ಸುಲೀತೀನಿ."

ಕೆಂಚಯ್ಯ ಬಿದಿರು ಬಿಸುಟು ಎರಡು ಕೈಯಲ್ಲೂ ಆ ತಲೆ ಹಿಡಿದ. ಚೆಂಡು ನೂಲು ಹಿಡಿದಂತೆ ನೆಟ್ಟಗೆ ಹೋಯಿತು.

ಅಂದಿನಿಂದ ದಿನವೂ ನಲವತ್ತು ಏಟು. ಆಮೇಲೆ ಸಾಹುಕಾರರು ಮನೆಗೆ ಹೋಗಿ ತಲೆಗೆ ನೀರು ಹೊಯ್ದುಕೊಂಡು ವಿಭೂತಿ ಧರಿಸುವರು. ಒಮ್ಮೆ ಸಾಹುಕಾರರು ಬೀಸಿದ ಕೋಲು ತಗುಲಿ ಕೆಂಚಯ್ಯನ ಬೆರಳು ಮುರಿಯಿತು. ಚೆಂಡು ಓರೆ ಹೋಯಿತೆಂದು ಬೈಸಿಕೊಂಡವನೂ ಅವನೇ. ಬೆರಳು ಸೊಟ್ಟಗೇ ಕೂಡಿಕೊಂಡಿತು, ಸಾಹುಕಾರರ ಕತ್ತು ಮಾತ್ರ ಪಳಗಿತು.

ಅವರು ಪಂದ್ಯ ಗೆದ್ದರು. ವರಾಂಡದಲ್ಲಿ ಹಾರ, ಚಪ್ಪಾಳೆ. ಯಾರು ಕಲಿಸಿದರೆಂದು ಕಾರ್ಯದರ್ಶಿ ಕೇಳಿದರೆ "ಎಲ್ಲ ಸ್ವಂತ ಅಭ್ಯಾಸ" ಎಂದರು. ಮೆಟ್ಟಿಲ ಕೆಳಗೆ ನಿಂತಿದ್ದ ಕೆಂಚಯ್ಯ ಕೈಮುಗಿದ.

"ಸಾ, ಆ ಮಾಲಿ ಕೆಲ್ಸ..."

"ಯಾವ ಕೆಲ್ಸ?"

ಗೇಟಿನಾಚೆ ಹೊನ್ನಕ್ಕ ಪಾತ್ರೆ ಪಡಗ ಗಂಟು ಕಟ್ಟಿಕೊಂಡು ಕಾಯುತ್ತಿದ್ದಳು. ಅವಳನ್ನು ಕಂಡದ್ದೇ ಅವನ ಬಾಯಿ ತಪ್ಪಿತು. "ದಿನಾ ನಿಮ್ ತಲೆ ಇಡ್ಕಂಡು ನಾನೇ ಅಲ್ವಾ ಸಾ ಕಲಿಸಿದ್ದು?"

ವರಾಂಡದವರೆಲ್ಲ ತಿರುಗಿ ನೋಡಿದರು. ಚನ್ನಬಸವಯ್ಯನವರಿಗೆ ಸಿಟ್ಟೇ ಬರಲಿಲ್ಲ, ನಕ್ಕರು. "ಕೇಳಿದ್ರಾ ಸ್ವಾಮಿ! ಇವನ ಕೈಗೆ ನಾನು ತಲೆ ಕೊಟ್ಟೆನಂತೆ!"

ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಆ ನಗುವಿನಲ್ಲಿ ಕೆಂಚಯ್ಯನಿಗೇ ತನ್ನ ಮಾತು ಸುಳ್ಳೆನ್ನಿಸಿತು. ಚೀಲ ಇಟ್ಟು ಹೋಗು, ನಾಳೆಯಿಂದ ಬರಬೇಡ ಎಂದರು ಕಾರ್ಯದರ್ಶಿ.

ಗೇಟಿನ ಹತ್ತಿರ ಹೊನ್ನಕ್ಕ ಗಂಟು ಎತ್ತಿಕೊಂಡಳು. "ಅಷ್ಟೊಂದು ಯಾಕ್ ನಗ್ತಾವ್ರೆ?"

"ಗೆದ್ದವ್ರೆ ಕಣಮ್ಮಿ" ಎಂದ ಕೆಂಚಯ್ಯ. "ಅದ್ಕೇಯ."